ಕಾರ್ಗಿಲ್ ಮೀನು ಮತ್ತು ಗಾಜಿನೊಳಗಿನ ಹವಳ: ಮನೆ ಅಕ್ವೇರಿಯಂನ ಚರಿತ್ರೆಯಲ್ಲಿ ಟ್ರಿಗರ್ ಮೀನಿನ ಸ್ಥಾನ

ನನ್ನ ಧ್ವನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಈ ಮಾಲಿಕೆಯಲ್ಲಿ ಇದುವರೆಗೆ ಶಾಲೆ, ಶಾಸನ, ಗಡಿ ವ್ಯಾಜ್ಯ, ಯಕ್ಷಗಾನ ಇಂಥ ವಿಷಯಗಳು ಬಂದಿವೆ. ನಾನು ಮೀನಿನ ಬಗ್ಗೆ, ಅದೂ ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನಿನ ಬಗ್ಗೆ ಮಾತನಾಡುತ್ತೇನೆ ಅಂದಾಗ ನಮ್ಮ ಮೇಡಂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆಯ್ತು, ಆದ್ರೆ ಚರಿತ್ರೆ ಇರ್ಬೇಕು" ಅಂದರು. ಚರಿತ್ರೆ ಉಂಟು. ಕಾಸರಗೋಡಿಗೆ ಅದು ಹೇಗೆ ತಾಗುತ್ತದೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಮೀನನ್ನು ನೋಡಿಬಿಡೋಣ. ಮಂಗಳೂರಿನ ಧಕ್ಕೆಗೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ಕಪ್ಪು ನೀಲಿ ಬಣ್ಣ, ಒರಟು ಚರ್ಮ, ಬಾಯಿಯಲ್ಲಿ ವೀಳ್ಯ ಹಾಕಿದ ಹಾಗೆ ಕೆಂಪು ಹಲ್ಲು. ಬೂತಾಯಿ, ಬಂಗುಡೆಗೆ ಹಾಕಿದ ಬಲೆಯಲ್ಲಿ ಕೆಲವು ದಿನ ಇದೇ ತುಂಬಿ ಬರುತ್ತದೆ. ಕೊಳ್ಳುವವರಿಲ್ಲದೆ ರಾಶಿ ರಾಶಿ ಲಾರಿಗೆ ತುಂಬಿ ಫಿಶ್ ಮೀಲ್ ಕಾರ್ಖಾನೆಗೆ ಕಳುಹಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಇದರ ಹೆಸರು ಕಾರ್ಗಿಲ್ ಮೀನು. 1999ರಲ್ಲಿ ಯುದ್ಧ ನಡೆಯುತ್ತಿದ್ದ ಹೊತ್ತಿಗೆ ಇದು ಹಿಂಡುಹಿಂಡಾಗಿ ಬಲೆಗೆ ಬೀಳಲು ಶುರುವಾಯಿತು, ಹಾಗಾಗಿ ಆ ಹೆಸರು ಎಂದು ಮೀನುಗಾರರು ಹೇಳುತ್ತಾರೆ. ಮಲಯಾಳದಲ್ಲಿ ಇದೇ ಜಾತಿಯ ಮೀನುಗಳಿಗೆ ಕ್ಲಾತ್ತಿ ಎನ್ನುತ್ತಾರೆ, ದಕ್ಷಿಣ ಕೇರಳದಲ್ಲಿ ಚರ್ಮ ಸುಲಿದು ಸಾರು ಮಾಡುವವರೂ ಇದ್ದಾರೆ. ವಿಜ್ಞಾನಿಗಳಿಗೆ ಇದು ಓಡೋನಸ್ ನೈಜರ್. 1836ರಲ್ಲಿ ಜರ್ಮನಿಯ ರ‍್ಯೂಪೆಲ್ ಕೆಂಪು ಸಮುದ್ರದ ಮೀನುಗಳನ್ನು ವರ್ಣಿಸುವಾಗ ಇದನ್ನೂ ವರ್ಣಿಸಿದ.

ಟ್ರಿಗರ್ ಎನ್ನುವ ಹೆಸರು ಬೆನ್ನಿನ ಮುಳ್ಳಿನಿಂದ ಬಂದದ್ದು. ಬೆನ್ನ ಮೇಲೆ ಮೊದಲು ಒಂದು ದಪ್ಪ ಮುಳ್ಳು, ಅದರ ಹಿಂದೆ ಒಂದು ಚಿಕ್ಕ ಮುಳ್ಳು. ದೊಡ್ಡದನ್ನು ಎತ್ತಿ ನಿಲ್ಲಿಸಿದಾಗ ಚಿಕ್ಕದು ಅದಕ್ಕೆ ಅಗುಳಿ ಹಾಕಿದಂತೆ ಕೂತುಕೊಳ್ಳುತ್ತದೆ. ಎಷ್ಟು ಒತ್ತಿದರೂ ದೊಡ್ಡ ಮುಳ್ಳು ಬಗ್ಗುವುದಿಲ್ಲ. ಚಿಕ್ಕದನ್ನು ಒತ್ತಿ, ಕೋವಿಯ ಕುದುರೆ ಎಳೆದ ಹಾಗೆ ತಟಕ್ಕನೆ ಬಿಟ್ಟುಕೊಳ್ಳುತ್ತದೆ. ರಾತ್ರಿ ಹವಳದ ಸಂದಿಗೆ ನುಗ್ಗಿ ಮುಳ್ಳೆತ್ತಿ ಬೀಗ ಹಾಕಿಕೊಂಡು ಮಲಗಿದರೆ ಎಂಥ ಶತ್ರುವಿಗೂ ಎಳೆದು ತೆಗೆಯಲು ಆಗದು. ನೀರಿನಿಂದ ಎತ್ತಿದರೆ ಹಂದಿಯ ಹಾಗೆ ಗೊರಗುಟ್ಟುತ್ತದೆ. ಹವಾಯಿ ದ್ವೀಪದವರು ತಮ್ಮ ಟ್ರಿಗರ್ ಮೀನಿಗೆ ಇಟ್ಟ ಉದ್ದನೆಯ ಹೆಸರಿನಲ್ಲೂ ಹಂದಿಯ ಮೂತಿ ಉಂಟು. ಆ ಮೀನು 1985ರಲ್ಲಿ ಅಲ್ಲಿನ ರಾಜ್ಯ ಮೀನಾಯಿತು, ಕಾನೂನಿನ ಅವಧಿ ಮುಗಿದು ಪಟ್ಟ ಹೋಯಿತು, 2006ರಲ್ಲಿ ಕಾಯಂ ಆಗಿ ಸಿಕ್ಕಿತು. ಇದು ಬರೇ ತಮಾಷೆಗೆ ಹೇಳಿದ್ದು, ಮುಂದೆ ಹೋಗುವ.

ಈಗ ಗಾಜಿನ ತೊಟ್ಟಿಯ ಕಡೆಗೆ. ಮನೆಯಲ್ಲಿ ಕಡಲಿನ ಜೀವಿಗಳನ್ನು ಸಾಕುವ ಚರಿತ್ರೆ ಬರೆದವರು ಹೆಚ್ಚಾಗಿ ಫಿಲಿಪ್ ಹೆನ್ರಿ ಗಾಸ್‌ನಿಂದ ಆರಂಭಿಸುತ್ತಾರೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆದ ಮೀನಿನ ಮನೆಗೆ ಅವನು ನೆರವಾದ. 1854ರಲ್ಲಿ ಅವನ ಪುಸ್ತಕ ಬಂತು, ಅಕ್ವೇರಿಯಂ ಎಂಬ ಮಾತು ಮನೆಮಾತಾಯಿತು. ಆದರೆ ಅವನಿಗಿಂತ ಮೊದಲು ಆನಾ ಥಿನ್ ಎಂಬ ಮಹಿಳೆ 1846ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಲಂಡನ್ನಿಗೆ ಕೆಲವು ಜೀವಿಗಳನ್ನು ಭರಣಿಯಲ್ಲಿ ಹಾಕಿ ತಂದಿದ್ದರು. ಏನು ಜೀವಿಗಳು? ಹವಳ. ಇಂಗ್ಲೆಂಡಿನ ತಣ್ಣೀರಿನಲ್ಲಿ ಬೆಳೆಯುವ ಒಂಟಿ ಹವಳಗಳು. ಅಂದರೆ ಮನೆಯ ಕಡಲ ತೊಟ್ಟಿ ಶುರುವಾದದ್ದೇ ಹವಳದಿಂದ, ಮೀನಿನಿಂದ ಅಲ್ಲ.

ಇಲ್ಲಿ ಒಂದು ವಿಷಯವನ್ನು ನಾನು ಒತ್ತಿ ಹೇಳಬೇಕು. ಲಂಡನ್ನಿನ ಮಧ್ಯದಲ್ಲಿ ಪಂಪು ಇಲ್ಲ, ಕರೆಂಟು ಇಲ್ಲ. ಆ ಹವಳಗಳು ಬದುಕಿದ್ದು ಹೇಗೆ? ಮನೆಯ ಕೆಲಸದವಳು ದಿನಾಲೂ ತೆರೆದ ಕಿಟಕಿಯ ಎದುರು ನಿಂತು ಆ ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯುತ್ತಿದ್ದಳು, ಅರ್ಧ ಮುಕ್ಕಾಲು ಗಂಟೆ. ನಮ್ಮಲ್ಲಿ ಚಹಾ ಆರಿಸಿದ ಹಾಗೆ ಅಂತಿಟ್ಟುಕೊಳ್ಳಿ. ಗಾಳಿ ನೀರಿಗೆ ಸೇರಿದ್ದು ಆ ಕೈಯಿಂದ. ಥಿನ್ ಅವರ ಲೇಖನ 1859ರಲ್ಲಿ ಗಾಸ್‌ನ ಟಿಪ್ಪಣಿಯೊಂದಿಗೆ ಅಚ್ಚಾಯಿತು. ಆ ಕೆಲಸದವಳ ಹೆಸರು ಈ ಕಥೆ ಹೇಳುವವರ ಬಾಯಲ್ಲಿ ಬರುವುದಿಲ್ಲ. ಇವತ್ತು ರೀಫ್ ತೊಟ್ಟಿಯ ಪಂಪಿನ ಬೆಲೆ ನೋಡುವಾಗೆಲ್ಲ ನನಗೆ ಅವಳ ನೆನಪಾಗುತ್ತದೆ.

ಗಾಸ್‌ನ ಪುಸ್ತಕದ ನಂತರ ಇಂಗ್ಲೆಂಡಿನಲ್ಲಿ ಅಕ್ವೇರಿಯಂ ಹುಚ್ಚು ಹಬ್ಬಿತು. ಜನ ರೈಲು ಹತ್ತಿ ಬಂದು ಕಡಲ ಬಂಡೆಗಳನ್ನು ಕೆರೆದು ಕೆರೆದು ಜೀವಿಗಳನ್ನು ಒಯ್ದರು. ಅಪ್ಪನ ಪುಸ್ತಕವೇ ಆ ಬಂಡೆಗಳ ಸೌಂದರ್ಯ ಹಾಳಾಗಲು ಕಾರಣವಾಯಿತು ಎಂದು ಅವನ ಮಗ ಎಡ್ಮಂಡ್ ಗಾಸ್ 1907ರ ತನ್ನ ಆತ್ಮಕಥೆಯಲ್ಲಿ ನೊಂದು ಬರೆದಿದ್ದಾನೆ. ಪ್ರೀತಿಸಿದವರೇ ಕಡಲನ್ನು ಖಾಲಿ ಮಾಡುವ ಈ ಕಥೆ ಆಮೇಲೂ ನಡೆದಿದೆ.

ಟ್ರಿಗರ್ ಮೀನು ಈ ಕಾಲದಲ್ಲಿ ಮನೆಗಳಿಗೆ ಬಂದಿರಲಿಲ್ಲ. ಅದು ಬೆಚ್ಚಗಿನ ಕಡಲಿನದು. ಸ್ಪಿರಿಟ್ಟಿನ ಸೀಸೆಯಲ್ಲಿ ಮುಳುಗಿ ಯುರೋಪಿಗೆ ಹೋಗುತ್ತಿತ್ತು. ಅಂಥ ಒಂದು ಪಯಣದ ವಿವರ ಸ್ವಾರಸ್ಯದ್ದು. ಆಫ್ರಿಕಾದ ನೈಜರ್ ನದಿಯನ್ನು ಹುಡುಕಿ ಹೋದ ಮಂಗೋ ಪಾರ್ಕ್ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಅವನು ಈಸ್ಟ್ ಇಂಡಿಯಾ ಕಂಪೆನಿಯ ಹಡಗಿನಲ್ಲಿ ಸಹಾಯಕ ವೈದ್ಯನಾಗಿ ಸುಮಾತ್ರಕ್ಕೆ ಹೋಗಿದ್ದ. ಅಲ್ಲಿನ 8 ಹೊಸ ಮೀನುಗಳ ಬಗ್ಗೆ ಅವನ ಬರಹ 1797ರಲ್ಲಿ ಪ್ರಕಟವಾಯಿತು. ಹಸಿರು ಮೈಯಲ್ಲಿ ಕಿತ್ತಳೆ ಗೆರೆಗಳ ಟ್ರಿಗರ್, ಅಂದರೆ ಬಾಲಿಸ್ಟೇಪಸ್ ಅಂಡ್ಯುಲೇಟಸ್, ಇವತ್ತಿಗೂ ಪಾರ್ಕ್‌ನ ಹೆಸರಿನ ಜೊತೆಗೇ ಇದೆ. ಅಕ್ವೇರಿಯಂನವರ ನಡುವೆ ಅತ್ಯಂತ ಜಗಳಗಂಟ ಎಂದು ಹೆಸರಾದ ಮೀನು ಅದೇ.

ಮದರಾಸಿನಲ್ಲಿ 1909ರಲ್ಲಿ ಮರೀನಾದ ಬಳಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು, ದೇಶದ ಮೊದಲನೆಯದು. ಎಡ್ಗರ್ ಥರ್ಸ್‌ಟನ್ ಅದರ ಹಿಂದಿದ್ದ. ಜಾತಿ ಬುಡಕಟ್ಟುಗಳ ಏಳು ಸಂಪುಟದವನೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿತು. ಮುಂಬಯಿಯ ತಾರಾಪೋರವಾಲಾ 1951ರದ್ದು. ಇವೆಲ್ಲ ಕಡಲ ಪಕ್ಕದಲ್ಲೇ ಇರುವ ದೊಡ್ಡ ಕಟ್ಟಡಗಳು, ಉಪ್ಪುನೀರು ಪಕ್ಕದಲ್ಲೇ ಸಿಗುತ್ತದೆ. ಮನೆಯ ಮಾತು ಬೇರೆ.

ಮನೆಯಲ್ಲಿ ಬೆಚ್ಚಗಿನ ಕಡಲಿನ ಮೀನು ಸಾಕುವುದು ನಿಜವಾಗಿ ಸಾಧ್ಯವಾದದ್ದು ಎರಡನೇ ಯುದ್ಧದ ನಂತರ. ಮೂರು ವಿಷಯ ಒಟ್ಟಾದವು. ವಿಮಾನ ಬಂತು, ಪ್ಲಾಸ್ಟಿಕ್ ಚೀಲ ಬಂತು, ಮೀನು ಜೀವಂತ ಪ್ರಯಾಣ ಮಾಡಿತು. ತೊಟ್ಟಿಯ ಕಬ್ಬಿಣದ ಚೌಕಟ್ಟು ಉಪ್ಪುನೀರಿಗೆ ತುಕ್ಕು ಹಿಡಿದು ನೀರನ್ನೇ ವಿಷ ಮಾಡುತ್ತಿತ್ತು. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದ ಮೇಲೆ ಗಾಜಿಗೆ ಗಾಜನ್ನೇ ಅಂಟಿಸಿ ತೊಟ್ಟಿ ಮಾಡಿದರು. 1964ರ ಹೊತ್ತಿಗೆ ಇನ್‌ಸ್ಟಂಟ್ ಓಷನ್ ಎಂಬ ಉಪ್ಪಿನ ಮಿಶ್ರಣ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಕಡಲಿನಿಂದ ಸಾವಿರ ಮೈಲು ದೂರದ ಊರಿನಲ್ಲೂ ನಲ್ಲಿ ನೀರಿಗೆ ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ, ಕಡಲು ಮಾಡಬಹುದಾಯಿತು.

ಈ ಕಾಲದ ರಾಜ ಟ್ರಿಗರ್ ಮೀನು. ಯಾಕೆ? ಯಾಕೆಂದರೆ ಅದು ಸಾಯುವುದಿಲ್ಲ. ಕ್ಷಮಿಸಿ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಆಗಿನ ತೊಟ್ಟಿಗಳಲ್ಲಿ ನೀರು ಶುದ್ಧ ಮಾಡುವ ವ್ಯವಸ್ಥೆ ಅಷ್ಟಕ್ಕಷ್ಟೆ. ತಳದ ಜಲ್ಲಿಯಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ, ನೈಟ್ರೇಟ್ ಅಲ್ಲಿಯೇ ಉಳಿಯುತ್ತದೆ. ಚಿಟ್ಟೆ ಮೀನಿನಂಥ ಸೂಕ್ಷ್ಮದವು ಸೊರಗುತ್ತವೆ. ಟ್ರಿಗರ್ ಸಿಗಡಿ, ಮರುವಾಯಿ, ಮೀನಿನ ತುಂಡು ಏನು ಕೊಟ್ಟರೂ ತಿಂದು ಬೆಳೆಯುತ್ತದೆ. ರೋಗ ಬಂದರೆ ಮಾಲಿಕರು ನೀರಿಗೆ ತಾಮ್ರದ ಔಷಧಿ ಹಾಕುತ್ತಿದ್ದರು. ತಾಮ್ರ ಮೀನಿಗೆ ಪರವಾಗಿಲ್ಲ. ಹವಳ, ಸಿಗಡಿ, ಶಂಖದ ಹುಳ ಇವಕ್ಕೆ ಮರಣವೇ. ಹಾಗಾಗಿ ಮೀನಿನ ತೊಟ್ಟಿಯಲ್ಲಿ ಹವಳ ಎಂದರೆ ಬಿಳಿ ಅಸ್ಥಿಪಂಜರ ಮಾತ್ರ, ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಇಟ್ಟ ಅಲಂಕಾರ. ಜೀವಂತ ಮೀನು, ಸತ್ತ ಹವಳ. ಸುಮಾರು ಎರಡು ದಶಕ ಹಾಗೇ ನಡೆಯಿತು.

ಅದಕ್ಕೆ ಅಪವಾದವಾಗಿ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬವರಿದ್ದರು. ಕಡಲಿನಿಂದ ಜೀವಂತ ಕಲ್ಲುಗಳನ್ನೇ ತಂದು, ಅಂದರೆ ಹವಳದ ಹಳೆಯ ತುಂಡುಗಳನ್ನು ಅವುಗಳಲ್ಲಿರುವ ಪಾಚಿ, ಹುಳು, ಬ್ಯಾಕ್ಟೀರಿಯಾ ಸಮೇತ ತೊಟ್ಟಿಗೆ ಹಾಕಿ, ಸ್ವಲ್ಪ ಗಾಳಿಯ ಗುಳ್ಳೆ ಬಿಟ್ಟು, ಹವಳ ಮೀನು ಎರಡನ್ನೂ ಒಟ್ಟಿಗೆ ಬದುಕಿಸಿದರು. 1961ರಲ್ಲಿ ಅಮೆರಿಕದ ಮೀನುಸಾಕಣೆಯ ಪತ್ರಿಕೆಯೊಂದರಲ್ಲಿ ಬರೆದರು. ಓದಿದವರು ಮಾಡಲು ಹೋಗಿ ಸೋತರು, ಯಾಕೆಂದರೆ ಅವರ ಕೈಗೆ ಬರುವಷ್ಟರಲ್ಲಿ ಕಲ್ಲಿನಲ್ಲಿ ಜೀವ ಉಳಿದಿರುತ್ತಿರಲಿಲ್ಲ. ಮುಂದೆ ಬರ್ಲಿನ್ ಪದ್ಧತಿ ಎಂದು ಹೆಸರಾದದ್ದರಲ್ಲಿ ಮುಖ್ಯ ಅಂಶ ಇದೇ ಜೀವಂತ ಕಲ್ಲು. ಚರಿತ್ರೆ ಬರೆಯುವಾಗ ಜರ್ಮನರಿಗೆ ಅಧ್ಯಾಯ, ಲೀ ಅವರಿಗೆ ಒಂದು ಪ್ಯಾರಾ. ಗಡಿ ಭಾಗದವರಾದ ನಮಗೆ ಇದು ಹೊಸತಲ್ಲ.

1970, 80ರ ದಶಕಗಳಲ್ಲಿ ಡೀಟ್ರಿಶ್ ಸ್ಟ್ಯೂಬರ್, ಪೀಟರ್ ವಿಲ್ಕೆನ್ಸ್ ಮೊದಲಾದವರು ಜೀವಂತ ಕಲ್ಲಿಗೆ ಇನ್ನೂ ಮೂರನ್ನು ಸೇರಿಸಿದರು: ನೊರೆಯ ಮೂಲಕ ಕೊಳೆಯನ್ನು ಹೊರಗೆ ತೆಗೆಯುವ ಸ್ಕಿಮ್ಮರ್, ಸೂರ್ಯನಂತೆ ಉರಿಯುವ ಮೆಟಲ್ ಹ್ಯಾಲೈಡ್ ದೀಪ, ಹವಳಕ್ಕೆ ಕ್ಯಾಲ್ಸಿಯಂ ಕೊಡುವ ಸುಣ್ಣದ ತಿಳಿನೀರು. ಹೌದು, ಸುಣ್ಣವೇ. 1986ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಿಂದ ಮನೆಯೊಳಗಿನ ಪುಟ್ಟ ರೀಫ್ ಎಂಬ ಕಲ್ಪನೆ ಅಲ್ಲಿ ಹಬ್ಬಿತು. ಹವಳ ಮನೆಗೆ ಬಂತು. ಬಂದ ಕೂಡಲೇ ಟ್ರಿಗರ್ ಮೀನನ್ನು ಹೊರಗೆ ಹಾಕಿದರು.

ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮುಖ್ಯ ಅನ್ನಿಸುವುದು ಈ ತಿರುವು. ನಿನ್ನೆಯವರೆಗೆ ತಾಳಿಕೆಯ ಮೀನು, ಹೊಸಬರಿಗೆ ಒಳ್ಳೆಯದು ಎನ್ನುತ್ತಿದ್ದದ್ದು ಈಗ "ರೀಫ್ ಸೇಫ್" ಅಲ್ಲ. ಕಾರಣ ಸುಳ್ಳಲ್ಲ. ಅದರ ದವಡೆ ಇರುವುದೇ ಚಿಪ್ಪು ಒಡೆಯಲು. ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳು, ಏಡಿ, ಸಿಗಡಿ ಎಲ್ಲ ಅದರ ತಿಂಡಿ. ಕಲ್ಲನ್ನು ಬಾಯಲ್ಲಿ ಕಚ್ಚಿ ಎತ್ತಿಡುತ್ತದೆ, ಹವಳದ ತುಂಡನ್ನು ಕೀಳುತ್ತದೆ, ಹೀಟರಿನ ವಯರು ಕಚ್ಚುತ್ತದೆ. ಎಲ್ಲವೂ ಒಂದೇ ರೀತಿ ಅಲ್ಲ ಎನ್ನುವುದೂ ನಿಜ: ನಮ್ಮ ಕಾರ್ಗಿಲ್ ಮೀನು, ನೀಲಿ ಗಂಟಲಿನ ಟ್ರಿಗರ್ ಇವು ನೀರಿನಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ತಿನ್ನುವವು, ಹವಳದ ತೊಟ್ಟಿಗೆ ತಕ್ಕಮಟ್ಟಿಗೆ ಒಗ್ಗುತ್ತವೆ. ಪಾರ್ಕ್‌ನ ಕಿತ್ತಳೆ ಗೆರೆಯದ್ದು, ಚುಕ್ಕೆಯ ಕ್ಲೌನ್ ಟ್ರಿಗರ್ ಇವು ಒಗ್ಗುವುದಿಲ್ಲ. ದೊಡ್ಡ ಟೈಟನ್ ಟ್ರಿಗರ್ ಮೊಟ್ಟೆ ಕಾಯುವಾಗ ಮನುಷ್ಯರನ್ನೂ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ.

ಆದರೆ ಕಡಲಿನಲ್ಲಿ? ಹ್ಯಾನ್ಸ್ ಫ್ರಿಕ್ಕೆ ಕೆಂಪು ಸಮುದ್ರದಲ್ಲಿ ಒಂದು ಜಾತಿಯ ಟ್ರಿಗರ್ ಬಾಯಿಂದ ನೀರು ಚಿಮ್ಮಿ ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿಯನ್ನು ಅಂಗಾತ ಮಾಡಿ, ಮುಳ್ಳು ಕಡಿಮೆ ಇರುವ ಹೊಟ್ಟೆಯ ಕಡೆಯಿಂದ ತಿನ್ನುವುದನ್ನು ದಾಖಲಿಸಿದ. ಕೀನ್ಯಾದ ಕರಾವಳಿಯಲ್ಲಿ ಟಿಮ್ ಮೆಕ್‌ಕ್ಲಾನಹನ್ 1980ರ ದಶಕದಿಂದ ಮಾಡಿದ ಅಧ್ಯಯನಗಳು ಹೇಳುವುದು ಇದು: ಟ್ರಿಗರ್ ಮೀನುಗಳನ್ನು ಹಿಡಿದು ಮುಗಿಸಿದ ಕಡೆ ಸೀ ಅರ್ಚಿನ್‌ಗಳು ವಿಪರೀತ ಹೆಚ್ಚಿ ಹವಳದ ದಿಬ್ಬವನ್ನೇ ಕೆರೆದು ಸವೆಸುತ್ತವೆ. ಮೀನುಗಾರಿಕೆ ನಿಷೇಧಿಸಿದ ಕಡೆ ಅವನ್ನು ಹತೋಟಿಯಲ್ಲಿಡುವುದರಲ್ಲಿ ಮೊದಲ ಹೆಸರು ಆ ಕಿತ್ತಳೆ ಗೆರೆಯ ಜಗಳಗಂಟನದೇ. ಮನೆಯ ರೀಫಿಗೆ ಅಪಾಯ ಎಂದು ಹೊರಗೆ ಹಾಕಿದ ಮೀನು ನಿಜವಾದ ರೀಫಿನ ಕಾವಲುಗಾರ. "ರೀಫ್ ಸೇಫ್" ಎನ್ನುವ ಮಾತು ಹೇಳುವುದು ಹವಳದ ಕ್ಷೇಮವನ್ನಲ್ಲ, ಮಾಲಿಕ ಹಾಕಿದ ದುಡ್ಡಿನ ಕ್ಷೇಮವನ್ನು ಎಂದು ನನ್ನ ಅಭಿಪ್ರಾಯ. ಇದೇ ಕಾಲದಲ್ಲಿ, 1960ರ ದಶಕದಿಂದಲೇ, ಫಿಲಿಪ್ಪೀನ್ಸಿನಲ್ಲಿ ಅಕ್ವೇರಿಯಂ ಮೀನು ಹಿಡಿಯಲು ಹವಳದ ಸಂದಿಗೆ ಸಯನೈಡ್ ನೀರು ಚಿಮ್ಮುತ್ತಿದ್ದರು. ಮೀನು ಮಂಕಾಗಿ ಕೈಗೆ ಸಿಗುತ್ತಿತ್ತು, ಹವಳ ಸಾಯುತ್ತಿತ್ತು. ಹಾಗೆ ಬಂದ ಮೀನಿಗೆ ಅಂಗಡಿಯಲ್ಲಿ ರೀಫ್ ಸೇಫ್ ಎಂಬ ಚೀಟಿ!

ಈಗ ಸ್ವಲ್ಪ ಮನೆಯ ಮಾತು. ನನ್ನ ಭಾವ, ಅಕ್ಕನ ಗಂಡ, ಶಾರ್ಜಾದಲ್ಲಿ ಕೆಲಸದಲ್ಲಿದ್ದಾರೆ. ಕಾಸರಗೋಡಿನಲ್ಲಿ ಗಲ್ಫ್ ಇಲ್ಲದ ಮನೆ ಕಡಿಮೆ, ನಿಮಗೆ ಗೊತ್ತೇ ಉಂಟು. ಫ್ಲ್ಯಾಟಿನಲ್ಲಿ ಅವರು 400 ಲೀಟರಿನ ತೊಟ್ಟಿ ಇಟ್ಟಿದ್ದಾರೆ, ಹವಳ ಉಂಟು. ಒಂದು ದಿನ ವೀಡಿಯೋ ಕಾಲ್‌ನಲ್ಲಿ ಹೊಸ ಮೀನು ತೋರಿಸಿದರು. ಕಪ್ಪು ನೀಲಿ, ಕೆಂಪು ಹಲ್ಲು. ಹಿಂದಿನಿಂದ ಅಮ್ಮ ಇಣುಕಿ ನೋಡಿ, "ಇದು ಕಾರ್ಗಿಲ್ ಅಲ್ವಾ? ಇದಕ್ಕೂ ದುಡ್ಡು ಕೊಟ್ರಾ?" ಅಂದರು. ಭಾವ ಬೆಲೆ ಹೇಳಲಿಲ್ಲ. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಗೇಣುದ್ದ ದಾಟಿ, ಜೊತೆಯ ಸಣ್ಣ ಮೀನುಗಳನ್ನು ಮೂಲೆಗೆ ಒತ್ತಿತು, ಸಿಗಡಿಗಳು ಒಂದೊಂದಾಗಿ ಕಾಣೆಯಾದವು. ಒಗ್ಗುತ್ತದೆ ಅಂತ ನಾನು ಆಗ ಹೇಳಿದ್ದು "ತಕ್ಕಮಟ್ಟಿಗೆ". ದೊಡ್ಡದಾದ ಮೇಲೆ, ಆ ಅಳತೆಯ ತೊಟ್ಟಿಯಲ್ಲಿ, ಅಷ್ಟೂ ಇಲ್ಲ. ಕೊನೆಗೆ ಹಿಡಿಯಲು ಹೋದಾಗ ಕಲ್ಲಿನ ಸಂದಿಗೆ ನುಗ್ಗಿ ಮುಳ್ಳೆತ್ತಿ ಕೂತಿತು. ಕಲ್ಲು ಸಮೇತ ಬಕೆಟಿಗೆ ಹಾಕಿ ಅಂಗಡಿಗೆ ವಾಪಸು ಕೊಟ್ಟರಂತೆ.

ಮುಂದಿನ ರಜೆಯಲ್ಲಿ ಭಾವ ಊರಿಗೆ ಬಂದಾಗ ನಾವು ಧಕ್ಕೆಗೆ ಹೋದೆವು. ಅವತ್ತು ಕಾರ್ಗಿಲ್ ರಾಶಿ ಬಿದ್ದಿತ್ತು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಒಂದನ್ನು ಎತ್ತಿ ಬೆನ್ನಿನ ಚಿಕ್ಕ ಮುಳ್ಳನ್ನು ಒತ್ತಿದರು, ದೊಡ್ಡದು ಮಡಚಿಕೊಂಡಿತು. ತೊಟ್ಟಿಯ ಮೀನಿಗೆ ಹಾಕುವ ಗುಳಿಗೆಯ ಡಬ್ಬಿಯ ಮೇಲೆ ಮೊದಲ ಪದಾರ್ಥವಾಗಿ ಬರೆದಿರುವುದು ಫಿಶ್ ಮೀಲ್ ಎಂದು ಅವರೇ ಹೇಳಿದ್ದು, ಕಾರಿನಲ್ಲಿ ಬರುವಾಗ.

ಇನ್ನು ಕಾಸರಗೋಡು. ನಮ್ಮ ಗಡಿ ಚರಿತ್ರೆಯಲ್ಲಿ 1956ರ ನವೆಂಬರ್ 1 ಎಂದರೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಹೋದ ದಿನ. ಆಮೇಲೆ ಮಹಾಜನ ಆಯೋಗ, ಚಂದ್ರಗಿರಿ ಹೊಳೆ, ಎಲ್ಲ ನಾವು ಓದಿದ್ದೇವೆ. ಅದೇ ದಿನ ಅದೇ ಜಿಲ್ಲೆಯಿಂದ ಇನ್ನೊಂದು ತುಂಡೂ ಹೋಯಿತು, ಅದನ್ನು ನಾವು ಎಣಿಸುವುದೇ ಇಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಅಮೀನ್‌ದಿವಿ ದ್ವೀಪಗಳು. ಟಿಪ್ಪುವಿನ ಕೈಯಲ್ಲಿದ್ದವು, 1799ರಲ್ಲಿ ಕಂಪೆನಿಗೆ ಬಂದವು, ಆಮೇಲೆ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಅಂದರೆ ನಮ್ಮ ಜಿಲ್ಲೆಗೆ ಒಂದೂವರೆ ಶತಮಾನ ಹವಳದ ದಿಬ್ಬಗಳಿದ್ದವು. ದ್ವೀಪದವರು ಓಡಗಳಲ್ಲಿ ನಾರು, ತೆಂಗು, ಬೆಲ್ಲ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ನಾರಿನ ವ್ಯಾಪಾರ ಸರಕಾರದ ಏಕಸ್ವಾಮ್ಯ. ಆಡಳಿತದ ಬರಹಗಳಲ್ಲಿ ಎದ್ದು ಕಾಣುವುದು ಈ ನಾರಿನ ಲೆಕ್ಕ. ಹವಳ, ಮೀನು ಆಡಳಿತಕ್ಕೆ ಬೇಕಾಗಿರಲಿಲ್ಲ.

ಆ ದ್ವೀಪಗಳ ಮೀನುಗಳ ದೊಡ್ಡ ಪಟ್ಟಿ ಬಂದದ್ದು 1980ರಲ್ಲಿ, ಜೋನ್ಸ್ ಮತ್ತು ಕುಮಾರನ್ ಅವರ ಪುಸ್ತಕದಲ್ಲಿ. ಆಗ ದ್ವೀಪ ಲಕ್ಷದ್ವೀಪವಾಗಿತ್ತು, ಕಡತಗಳು ಒಂದು ಕಡೆ, ಕಾಸರಗೋಡು ಇನ್ನೊಂದು ಕಡೆ, ಮಂಗಳೂರು ಮತ್ತೊಂದು ಕಡೆ. 1998ರಲ್ಲಿ ಸಮುದ್ರ ಬಿಸಿಯೇರಿ ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿ ಸತ್ತಾಗ ಅದು ನಮ್ಮ ಊರಿನ ಸುದ್ದಿ ಎಂದು ಇಲ್ಲಿ ಯಾರಿಗೂ ಅನ್ನಿಸಲಿಲ್ಲ. 2001ರಲ್ಲಿ ಗಟ್ಟಿ ಹವಳ, ಕರಿ ಹವಳ, ಸಮುದ್ರದ ಬೀಸಣಿಗೆ ಇವನ್ನೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ, ಸೇರಿಸಿದರು. ಟ್ರಿಗರ್ ಮೀನಿಗೆ ಅಂಥ ರಕ್ಷಣೆ ಇಲ್ಲ. ಹವಳವನ್ನು ಮುಟ್ಟಿದರೆ ಜೈಲು, ಹವಳ ಕಾಯುವವನನ್ನು ಲಾರಿಗೆ ತುಂಬಿದರೆ ಕೇಳುವವರಿಲ್ಲ.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಂಟು ಅಂತ ಮೇಡಂ ಹೇಳ್ತಿದ್ದಾರೆ.

ಅಕ್ಕಲಕೋಟೆಯಿಂದ ಸೇರಿಕೊಂಡ ಸರ್ ಕೇಳಿದ ಪ್ರಶ್ನೆ: ಧಕ್ಕೆಗೆ ರಾಶಿಯಾಗಿ ಬರುವ ಮೀನನ್ನೇ ಅಕ್ವೇರಿಯಂಗೆ ಮಾರಬಾರದೇ, ಮೀನುಗಾರರಿಗೆ ಲಾಭವಲ್ಲವೇ? ಸರ್, ಆಗುವುದಿಲ್ಲ. ಆಳದಿಂದ ಬಲೆಯಲ್ಲಿ ಒತ್ತೊತ್ತಾಗಿ ಬಂದ ಮೀನು ದೋಣಿಗೆ ಏರುವಾಗಲೇ ಅರ್ಧ ಸತ್ತಿರುತ್ತದೆ, ಗಾಳಿಚೀಲ ಉಬ್ಬಿರುತ್ತದೆ. ಅಕ್ವೇರಿಯಂಗೆ ಬೇಕಾದದ್ದು ಒಂದೊಂದಾಗಿ ಕೈಬಲೆಯಲ್ಲಿ ಹಿಡಿದ ಸಣ್ಣ ಮರಿ. ಅದು ಬೇರೆಯೇ ಕಸುಬು. ಚರ್ಮ ಸುಲಿದು ತಿನ್ನುವ ರೂಢಿ ತೆಂಕಣ ಕೇರಳದಿಂದ ಇಲ್ಲಿಗೆ ಬಂದರೆ ಮೀನುಗಾರರಿಗೆ ಅದರಿಂದ ಹೆಚ್ಚು ಉಪಕಾರ.

ಇನ್ನೊಂದು, ಗುಂಪಿನಲ್ಲಿ ಟೈಪ್ ಮಾಡಿದ್ದು: 1999ಕ್ಕೆ ಮೊದಲು ಈ ಮೀನಿಗೆ ಹೆಸರೇ ಇರಲಿಲ್ಲವೇ? ಒಳ್ಳೆಯ ಪ್ರಶ್ನೆ. ಕುಂಬಳೆಯ ಕಡೆ ನಾನು ಮಾತಾಡಿಸಿದ ಒಬ್ಬ ಹಿರಿಯರಿಗೆ ನಾನೂ ಇದನ್ನೇ ಕೇಳಿದೆ. ಅವರು ಬಲೆ ಹೆಣೆಯುತ್ತ ಇದ್ದರು, ತಲೆ ಎತ್ತಲಿಲ್ಲ. "ಆಗ ಒಂದೊಂದು ಸಿಕ್ಕುತ್ತಿತ್ತು ಮಗಾ, ನೀರಿಗೆ ವಾಪಸ್ ಬಿಸಾಡುತ್ತಿದ್ದೆವು. ಬಿಸಾಡುವುದಕ್ಕೆ ಹೆಸರು ಯಾಕೆ?" ಅಂದರು.